ಒಂದು ಸೀಟಿಗೆ ನಿಂತವರು

ಯುದ್ಧಕ್ಕೆ ಹೊರಟವನಿಗೆ ಶಂಖ ಹೇಗೋ ಬಸ್ಸಿನ ಕಂಡಕ್ಟರನಿಗೆ ಸೀಟಿ ಹಾಗೆ. ಶಂಖ ಊದಿದರೆ ಜನ ಸಾಯುತ್ತಾರೆ, ಸೀಟಿ ಊದಿದರೆ ಜನ ಇಳಿಯುತ್ತಾರೆ, ವ್ಯತ್ಯಾಸ ಅಷ್ಟೇ. ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಈ ಎರಡೇ ಮಾತಿನ ಭಾಷೆಯಲ್ಲಿ ಅರ್ಧ ಆಯುಷ್ಯ ಕಳೆದ ಒಬ್ಬ ಕಂಡಕ್ಟರನಿಗೆ ಕೋವಿಡ್ ಎರಡನೆಯ ಸಲ ಬಂದಾಗ ನಡೆದದ್ದಿದು.

ಬೀದಿಯವರು ಅವನನ್ನು ಪಾಸಣ್ಣ ಎನ್ನುತ್ತಿದ್ದರು. ಆ ಹೆಸರನ್ನು ಅವನು ಸ್ವಂತ ಬಾಯಿಂದ ಸಂಪಾದಿಸಿದ್ದ. ಮೊದಲ ಸಲ ಕಾಯಿಲೆ ಬಂದಾಗ ಅವನು ಆಸ್ಪತ್ರೆ ಸೇರಿ, ಮೂಗಿಗೆ ನಳಿಕೆ ಹಾಕಿಸಿಕೊಂಡು, ಯೂನಿಫಾರ್ಮಿನೊಳಗೆ ಇನ್ನೊಬ್ಬ ಹಿಡಿಸುವಷ್ಟು ಸೊರಗಿ ಮನೆಗೆ ಬಂದಿದ್ದ. ಚೇತರಿಸಿಕೊಂಡ ಮೇಲೆ ಕೆಳಗಿನ ನಲ್ಲಿಯ ಹತ್ತಿರ ನಿಂತು ಒಂದು ಸಿದ್ಧಾಂತ ಹೊರಡಿಸಿದ. "ನೋಡಿ, ಒಂದ್ಸಲ ಟಿಕೆಟ್ ತಗೊಂಡೋನಿಗೆ ಅದೇ ಬಸ್ಸಲ್ಲಿ ಇನ್ನೊಂದು ಟಿಕೆಟ್ ಕೊಡೋ ಹಾಗಿಲ್ಲ. ರೂಲ್ಸೇ ಇಲ್ಲ. ನನಗೀಗ ಲೈಫ್‌ಲಾಂಗ್ ಪಾಸು." ಕಾಯಿಲೆಯೂ ಸರ್ಕಾರದ ಯಾವುದೋ ಡಿಪೋದಿಂದ ಹೊರಟಿದ್ದು, ಅದಕ್ಕೂ ರೂಲ್ಸ್ ಪುಸ್ತಕ ಇದ್ದೇ ಇರುತ್ತದೆ ಎಂಬ ನಂಬಿಕೆ ಅವನದು. ಕೆಮ್ಮುವ ಪ್ರಯಾಣಿಕನ ಪಕ್ಕದಲ್ಲೇ ಹೋಗಿ ಕೂರುತ್ತಿದ್ದ. ಮಾಸ್ಕ್ ಹಾಕಿದವರನ್ನು ಕಂಡು, ಛತ್ರಿ ಹಿಡಿದು ಸ್ನಾನಕ್ಕಿಳಿದವರನ್ನು ಕಂಡಂತೆ ನಗುತ್ತಿದ್ದ. ಕೆಳಮನೆಯಲ್ಲಿ ಒಬ್ಬ ಕಾಂಪೌಂಡರ್ ಇದ್ದ. ಮೂವತ್ತು ವರ್ಷ ಡಾಕ್ಟರರ ಪಕ್ಕ ನಿಂತು ಔಷಧಿ ಕಟ್ಟಿಕೊಟ್ಟವನು. ಅವನು ಮೆಲ್ಲಗೆ, ಹಾಗೇನಿಲ್ಲಪ್ಪ, ಅದು ಮತ್ತೆ ಬರುತ್ತೆ ಎಂದಾಗ ಪಾಸಣ್ಣ ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದ್ದ.

ಆ ಮೊದಲ ಸಲವೇ ಅವನ ತಾಯಿಯನ್ನೂ ಇನ್ನೊಂದು ಗಾಡಿಯಲ್ಲಿ ಇನ್ನೊಂದು ಆಸ್ಪತ್ರೆಗೆ ಕರೆದೊಯ್ದಿದ್ದರು. ಆಕೆ ಬರಲಿಲ್ಲ. ಆಕೆಯ ಚಪ್ಪಲಿ, ಕನ್ನಡಕಗಳೂ ಬರಲಿಲ್ಲ. ಈ ವಿಷಯ ಸಿದ್ಧಾಂತದಲ್ಲಿ ಎಲ್ಲಿ ಕೂರುತ್ತದೆ ಎಂದು ನಲ್ಲಿಯ ಹತ್ತಿರ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮನೆಯಲ್ಲಿ ಈಗ ಉಳಿದವರು ಮೂವರು. ಪಾಸಣ್ಣ, ಅವನ ಹೆಂಡತಿ, ಅವನ ತಂದೆ. ತಂದೆ ಹಳೆಯ ಡ್ರೈವರ್. ಕಿವಿ ಅರ್ಧ ಹೋಗಿತ್ತು, ನೆನಪು ಮುಕ್ಕಾಲು ಹೋಗಿತ್ತು, ಸಕ್ಕರೆ ಕಾಯಿಲೆ ಮಾತ್ರ ಪೂರ್ತಿ ಇತ್ತು. ಹೆಂಡತಿ ಹೋದ ಸುದ್ದಿಯನ್ನು ಮುದುಕನಿಗೆ ಹೇಳದೆ ಇರಲಿಲ್ಲ. ಹೇಳಿದರು, ಅತ್ತ, ಮರೆತ. ಮರುದಿನ ಕೇಳಿದ, ಹೇಳಿದರು, ಹೊಸದಾಗಿ ಅತ್ತ. ಹೀಗೆ ಕೆಲವು ದಿನ ನಡೆದ ಮೇಲೆ ಸೊಸೆ, ಒಂದೇ ಸಾವಿಗೆ ಒಬ್ಬ ಮನುಷ್ಯನನ್ನು ಎಷ್ಟು ಸಲ ಅಳಿಸೋದು, ಸಾಕು ಎಂದಳು. ಅಂದಿನಿಂದ ಅವನು "ಅವಳು ಬಂದ್ಲಾ?" ಎಂದಾಗಲೆಲ್ಲ "ಬರ್ತಾರೆ ಮಾವ" ಎನ್ನುವುದು ಮನೆಯ ಪದ್ಧತಿಯಾಯಿತು. ಸುಳ್ಳು ಹೇಳಿ ಹೇಳಿ ನಾಲಿಗೆಗೆ ಅದು ದೇವರ ನಾಮದಷ್ಟು ಸಲೀಸಾಗಿತ್ತು.

ಇನ್ನೊಂದು ಮಾತು ಹೇಳಬೇಕು. ಮುದುಕನ ನೌಕರಿಯ ಕೊನೆಯ ವರ್ಷಗಳಲ್ಲಿ ಅಪ್ಪ ಮಗ ಒಂದೇ ಬಸ್ಸಿನಲ್ಲಿದ್ದರು. ಮನೆಯಲ್ಲಿ ಅಪ್ಪ ಮಗನ ಒಂದು ಮಾತನ್ನೂ ಕೇಳಿದವನಲ್ಲ. ಬಸ್ಸಿನೊಳಗೆ ಮಾತ್ರ ಮಗನನ್ನು ಬಹುವಚನದಲ್ಲಿ "ಕಂಡಕ್ಟ್ರೇ" ಎನ್ನುತ್ತಿದ್ದ, ಮಗ "ಡ್ರೈವರ್ ಸಾಹೇಬ್ರೇ" ಎನ್ನುತ್ತಿದ್ದ. ಮುಂದೆ ರಸ್ತೆ ಕನ್ನಡಿಯಂತೆ ಖಾಲಿಯಿದ್ದರೂ, ಹಿಂದಿನಿಂದ ಎರಡು ಸೀಟಿ ಬಾರದೆ ಮುದುಕ ಗಾಡಿಯನ್ನು ಒಂದು ಗೇಣು ಕದಲಿಸಿದವನಲ್ಲ. "ಹಿಂದೆ ಯಾರು ಹತ್ತಿದ್ರು ಯಾರು ಇಳಿದ್ರು ಅಂತ ನನಗೇನ್ ಗೊತ್ತು. ನನ್ನ ಕಣ್ಣು ಮುಂದಕ್ಕೆ" ಎನ್ನುತ್ತಿದ್ದ.

ಹೀಗಿರಲಾಗಿ ಒಂದು ಬೆಳಿಗ್ಗೆ ಪಾಸಣ್ಣನಿಗೆ ಟೀ ಬಿಸಿನೀರಿನಂತೆ ಕಂಡಿತು. ಹೆಂಡತಿ ಸಕ್ಕರೆ ಡಬ್ಬಿ ಮುಂದಿಟ್ಟಳು, ಮರಳು ತಿಂದಂತಾಯಿತು. ಡೀಸೆಲ್ಲಿನಲ್ಲಿ ಅದ್ದಿದಂತಿರುತ್ತಿದ್ದ ತನ್ನ ಯೂನಿಫಾರ್ಮನ್ನು ಮೂಗಿಗೆ ಒತ್ತಿಕೊಂಡ. ಏನೂ ಇಲ್ಲ. ಸಂಜೆಯ ಹೊತ್ತಿಗೆ ಮೈ ಕಾದ ಇಂಜಿನ್ನಾಯಿತು. ಹೆಂಡತಿ ಔಷಧಿ ಅಂಗಡಿಯಿಂದ ಮೂಗಿಗೆ ಕಡ್ಡಿ ಹಾಕಿ ಪರೀಕ್ಷಿಸುವ ಪಟ್ಟಿ ತಂದಳು. ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು.

"ಎರಡು ಅಂದ್ರೆ ಹೋಗಬಹುದು ಅಂತಲ್ವೇನೇ?" ಎಂದು ಪಾಸಣ್ಣ ಆಸೆಯಿಂದ ಕೇಳಿದ.

"ಹೂಂ ರೀ. ಒಳಗೆ ಹೋಗಬಹುದು" ಎಂದು ಹೆಂಡತಿ ಮುಂದಿನ ಕೋಣೆಯ ಬಾಗಿಲು ತೋರಿಸಿದಳು.

ನಡುಮನೆ, ಅಡುಗೆಮನೆ ಬಿಟ್ಟರೆ ಮನೆಗಿದ್ದದ್ದು ಎರಡೇ ಕೋಣೆ. ಹಿಂದಿನದು ಮುದುಕನದು. ಮುಂದಿನದಕ್ಕೆ ಬೀದಿ ಕಡೆ ಕಿಟಕಿ. ಗಂಡ ಹೆಂಡತಿ ಮಲಗುವುದು ಅಲ್ಲಿ. ಅದು ಪಾಸಣ್ಣನ ಪಾಲಾಯಿತು. ಹೆಂಡತಿ ಅಡುಗೆಮನೆಯ ನೆಲದ ಮೇಲೆ ಮಲಗಿದಳು. ಅವಳಿಗೂ ಬಂದಿತ್ತೋ ಇಲ್ಲವೋ ಎಂದು ಈ ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಬಂದಿದ್ದರೂ ಮಲಗಲು ಅವಳಿಗೆ ಕೋಣೆ ಉಳಿದಿರಲಿಲ್ಲ.

ಮೊದಲ ತೀರ್ಮಾನ, ಯಾರಿಗೂ ಹೇಳಬಾರದು ಎಂಬುದು. ಪಾಸ್ ಇದ್ದವನನ್ನು ಟಿಕೆಟ್ ಇಲ್ಲದವನ ಹಾಗೆ ನಡುದಾರಿಯಲ್ಲಿ ಇಳಿಸಿದರೆ ಅವನು ಯಾವ ಮುಖ ಹೊತ್ತು ನಲ್ಲಿಗೆ ಹೋಗಬೇಕು? ಆದ್ದರಿಂದ ಸೊಂಟ ಹಿಡಿದಿದೆ ಎಂದು ಘೋಷಿಸಲಾಯಿತು. ಎರಡನೆಯ ತೀರ್ಮಾನ, ಅಪ್ಪನನ್ನು ಬಾಗಿಲ ಹತ್ತಿರ ಬಿಡಬಾರದು ಎಂಬುದು. ಮೊದಲನೆಯದು ಮಾನದ ಪ್ರಶ್ನೆ, ಎರಡನೆಯದು ಪ್ರಾಣದ್ದು. ಈ ವಯಸ್ಸಿಗೆ, ಆ ಸಕ್ಕರೆ ಕಾಯಿಲೆಗೆ, ಇದು ತಗುಲಿದರೆ ಮುದುಕ ಇನ್ನೊಂದು ಗಾಡಿಯಲ್ಲಿ ಹೋಗುವವನೇ.

ಆದರೆ ಮುದುಕನಿಗೆ ಇಡೀ ಲೋಕದಲ್ಲಿ ಉಳಿದಿದ್ದ ಸುಖ ಒಂದೇ, ಆ ಮುಂದಿನ ಕೋಣೆಯ ಕಿಟಕಿ. ದಿನವೂ ಅಲ್ಲಿ ಕೂತು ರಸ್ತೆಯ ಬಸ್ಸುಗಳನ್ನು ನೋಡುವುದು, ತಪ್ಪಾಗಿ ತಿರುಗಿಸಿದ ಡ್ರೈವರನಿಗೆ ಮೇಲಿಂದಲೇ ಬೈಯುವುದು ಅವನ ನಿತ್ಯಕರ್ಮ. ಒಳಗೆ ಕಾಯಿಲೆ ಇದೆ ಮಾವ ಎಂದು ಸೊಸೆ ಹೇಳಿದಳು. ಹೂಂ ಎಂದ. ಸೊಸೆ ಒಲೆಯ ಕಡೆ ತಿರುಗುವಷ್ಟರಲ್ಲಿ ಬಾಗಿಲ ಮೇಲೆ ಕೈಯಿಟ್ಟಿದ್ದ. ಬಾಗಿಲಿನ ಒಳಚಿಲಕ ಎಂದೋ ಕಿತ್ತುಹೋಗಿತ್ತು. ಹಾಕಿಸಿಕೊಡಿ ಎಂದು ಮಾಲೀಕಳಾದ ಓನರಮ್ಮನಿಗೆ ಹೇಳಿ ಹೇಳಿ ಬಾಯಿ ಸವೆದಿತ್ತು. ಸೊಸೆ ಹೊರಗಿನಿಂದ ಬೀಗ ಹಾಕಿ ನೋಡಿದಳು. ಬೀಗ ಕಂಡ ಮುದುಕ ಮಗುವಿನಂತೆ ಬಾಗಿಲಿಗೆ ಹಣೆ ಚಚ್ಚಿಕೊಂಡು ರಕ್ತ ಬರಿಸಿಕೊಂಡ. ಬೀಗ ತೆಗೆದಳು.

ಮರುದಿನ ಅವಳು ಹಾಲಿಗೆ ಹೋಗಿದ್ದಾಗ ಬಾಗಿಲು ಕಿರ್ರೆಂದು ತೆರೆಯಿತು. ಪಾಸಣ್ಣನಿಗೆ ಏಳಲು ಕಾಲಿಲ್ಲ, ಕೂಗಲು ದನಿಯಿಲ್ಲ. ಮೊಳೆಗೆ ನೇತುಹಾಕಿದ್ದ ಯೂನಿಫಾರ್ಮ್ ಕೈಗೆ ಸಿಕ್ಕಿತು, ಅದರ ಜೇಬಿನಲ್ಲಿ ಸೀಟಿ. ಎಂದೋ ಫುಟ್‌ಬೋರ್ಡಿನಿಂದ ಬಿದ್ದು ಹೊಟ್ಟೆ ನೆಗ್ಗಿದ ಸೀಟಿ ಅದು. ಊದಿದರೆ ತುಸು ತೊದಲುತ್ತಿತ್ತು. ಬಾಯಿಗಿಟ್ಟು ಒಂದು ಸಲ ಊದಿದ.

ಮುದುಕನ ಬಲಗಾಲು ನೆಲವನ್ನು ಬಲವಾಗಿ ಒತ್ತಿತು. ಇಡೀ ದೇಹ ಸ್ವಲ್ಪ ಮುಂದಕ್ಕೆ ಜೋಲಿ ಹೊಡೆದು ನಿಂತಿತು. ಹೊಸ್ತಿಲ ಆಚೆಯೇ, ಗೆರೆ ಕೊಯ್ದಂತೆ.

ಬಾಗಿಲನ್ನು ಹಾಸಿಗೆಯ ಬದಿಗಿದ್ದ ಕೋಲಿನಿಂದ ನೂಕಿ ಮುಚ್ಚಿ ಪಾಸಣ್ಣ ಎರಡು ಸೀಟಿ ಊದಿದ. ಮುದುಕ "ರೈಟ್" ಎಂದು ಅಡುಗೆಮನೆಯ ಕಡೆ ಹೊರಟುಹೋದ. ಹಾಲು ತಂದ ಹೆಂಡತಿಗೆ ಈ ಪವಾಡವನ್ನು ಬಾಗಿಲ ಸಂದಿಯಿಂದ ಪಿಸುಗುಟ್ಟಿದಾಗ ಅವಳು ನಂಬಲಿಲ್ಲ. ಇನ್ನೊಮ್ಮೆ ಕಣ್ಣಾರೆ ಕಂಡ ಮೇಲೆ, ನಾನು ಇಷ್ಟು ವರ್ಷ ವೃಥಾ ಬಾಯಲ್ಲಿ ಹೇಳ್ತಾ ಬಂದೆ ಎಂದಳು.

ಅಪ್ಪನನ್ನು ಕಾಯುವ ಆಯುಧವೇನೋ ಸಿಕ್ಕಿತು. ಆದರೆ ಊದಿದ ಸೀಟಿ, ಆಡಿದ ಮಾತು, ಯಾರ ಕಿವಿಗೆ ಬೀಳಬೇಕೋ ಅವರ ಕಿವಿಗೆ ಮಾತ್ರ ಬೀಳುವುದಿಲ್ಲ. ಗಾಳಿ ಆಡಲೆಂದು ಹೆಂಡತಿ ಕಿಟಕಿ ತೆರೆದಿಟ್ಟಿದ್ದಳು. ಕೆಳಗೆ ರಸ್ತೆಯ ತಿರುವು; ಅಲ್ಲಿ ಎಲ್ಲ ಬಸ್ಸೂ ನಿಧಾನವಾಗಲೇಬೇಕು. ಒಮ್ಮೆ ಮುದುಕ ಬಾಗಿಲಿಗೆ ಬಂದ ಗಳಿಗೆಗೂ ಬಸ್ಸು ತಿರುವಿಗೆ ಬಂದ ಗಳಿಗೆಗೂ ಸರಿಹೋಯಿತು. ಪಾಸಣ್ಣ ಊದಿದ. ಮೇಲೆ ಅಪ್ಪ ನಿಂತ, ಕೆಳಗೆ ಬಸ್ಸು ನಿಂತಿತು. ಬಸ್ಸಿನ ಕಂಡಕ್ಟರ್ ನಾನು ಊದಲಿಲ್ಲ ಎಂದ, ಡ್ರೈವರ್ ನನಗೇನು ಕಿವುಡೇ ಎಂದ. ಅವರ ಜಗಳದ ನಡುವೆ ಚೀಲ ಹಿಡಿದ ಮುದುಕಿಯೊಬ್ಬಳು, ಅಂತೂ ದೇವರು ಕಣ್ಣುಬಿಟ್ಟ, ಇಲ್ಲೊಂದು ಸ್ಟಾಪ್ ಆಯ್ತು ಎನ್ನುತ್ತ ಇಳಿದುಬಿಟ್ಟಳು. ಅಷ್ಟರಲ್ಲಿ ಮೇಲೆ ಅಪ್ಪನನ್ನು ಕಳಿಸಲು ಎರಡು ಸೀಟಿ ಬಿತ್ತು. ಬಸ್ಸು ಹೊರಟಿತು.

ಹಾಸಿಗೆಯಲ್ಲಿ ಮಲಗಿಕೊಂಡೇ ಪಾಸಣ್ಣ ಡ್ಯೂಟಿ ಮಾಡತೊಡಗಿದ. ಅವನಿಗೆ ಅದು ತಿಳಿಯಲೇ ಇಲ್ಲ. ಜ್ವರದಲ್ಲಿ ಬಸ್ಸಿನ ಸದ್ದು ಕೇಳಿಸಿದರೆ ಕನಸೆಂದುಕೊಂಡ. ಕೆಲವೇ ದಿನಗಳಲ್ಲಿ ತಿರುವಿನಲ್ಲಿ ಜನ ನಿಂತು ಕಾಯತೊಡಗಿದರು. ಓನರಮ್ಮ ಹಿಗ್ಗಿದಳು. ಬಸ್‌ಸ್ಟಾಪಿಗೆ ಅಂಟಿದ ಮನೆಗೆ ಬಾಡಿಗೆ ಎಷ್ಟಾಗುತ್ತದೆ ಎಂದು ಅವಳು ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಯೋಚಿಸಿದ್ದು ಪಾಸಣ್ಣನ ಹೆಂಡತಿಗೂ ಕೇಳಿಸಿತು.

ಕಾಂಪೌಂಡರನ ಚಿಂತೆ ಬೇರೆ. ಸೊಂಟ ಹಿಡಿದವನು ಸೀಟಿ ಯಾಕೆ ಊದುತ್ತಾನೆ? ಒಂದು ಎಣ್ಣೆ ತಂದ. ಹೆಂಡತಿ ಬಾಗಿಲಲ್ಲೇ ತೆಗೆದುಕೊಂಡಳು. ಸೊಂಟದ ಪಟ್ಟಿ ತಂದ, ತೆಗೆದುಕೊಂಡಳು. ಕೊನೆಗೆ ಮೂಳೆ ಕೂರಿಸುವ ಪೈಲ್ವಾನನೊಬ್ಬನನ್ನೇ ಕರೆತಂದ. ಅವನು ಹೊಸ್ತಿಲಲ್ಲಿ ನಿಂತು ಬೆರಳು ಲಟಲಟ ಮುರಿದು ತೋರಿಸಿದ. ಒಳಗಿನಿಂದ ಕೆಮ್ಮು ಕೇಳಿತು. ಕಾಂಪೌಂಡರ್ ಕತ್ತು ಓರೆ ಮಾಡಿದ.

"ಏನಮ್ಮಾ, ಸೊಂಟ ಕೆಮ್ತಾ ಇದೆ?"

"ನೋವಿಗೆ ಅಣ್ಣಾ. ನೋವು ಜಾಸ್ತಿಯಾದ್ರೆ ಅವರಿಗೆ ಹಾಗೇ" ಎಂದಳು ಅವಳು.

ಕಾಂಪೌಂಡರ್ ಅವಳ ಕಣ್ಣನ್ನು ನೋಡಿದ. ಅವು ಕೆಂಪಗಿದ್ದವು. ಪೈಲ್ವಾನನನ್ನು ಕರೆದುಕೊಂಡು ಇಳಿದುಹೋದ. ಅಂದಿನಿಂದ ಮೆಟ್ಟಿಲು ಹತ್ತುವಾಗ ಮಾಸ್ಕ್ ಹಾಕತೊಡಗಿದ.

ಅತ್ತ ಡಿಪೋದಲ್ಲಿ ಕೋಲಾಹಲ. ಇಲ್ಲದ ಸ್ಟಾಪಿನಲ್ಲಿ ಬಸ್ಸುಗಳು ನಿಲ್ಲುತ್ತಿವೆ, ಕೇಳಿದರೆ ಡ್ರೈವರುಗಳು ಆಕಾಶವಾಣಿ ಆಯಿತು ಎನ್ನುತ್ತಿದ್ದಾರೆ. ಚೆಕಿಂಗ್ ಇನ್ಸ್‌ಪೆಕ್ಟರ್ ತಾನೇ ಬಸ್ಸಿನಲ್ಲಿ ಬಂದ. ತಿರುವಿನಲ್ಲಿ ಸೀಟಿ ಕೇಳಿತು, ಬಸ್ಸು ನಿಂತಿತು. ಇಳಿದು ತಲೆಯೆತ್ತಿದರೆ ತೆರೆದ ಕಿಟಕಿ. ಯಾರ ಮನೆ ಎಂದು ವಿಚಾರಿಸಿದ. ಕಾಯಿಲೆ ರಜೆಯಲ್ಲಿರುವ ತನ್ನದೇ ಕಂಡಕ್ಟರನದು. ಅಪರಾಧವೊಂದು ಇಷ್ಟು ಸಲೀಸಾಗಿ ಬಿಚ್ಚಿಕೊಂಡದ್ದು ಅವನ ಸರ್ವಿಸಿನಲ್ಲೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಮೆಟ್ಟಿಲೇರಿದ, ಹಿಂದೆ ಓನರಮ್ಮ, ಅವಳ ಹಿಂದೆ ಕಾಂಪೌಂಡರ್, ಅವನ ಹಿಂದೆ ಬಸ್ಸಿಗೆ ಕಾದು ಬೇಸತ್ತ ಸಾರ್ವಜನಿಕರು. ನಡುಮನೆಯಲ್ಲಿ ಕೂತಿದ್ದ ಮುದುಕ ಖಾಕಿ ಕಂಡು ಎದ್ದು ನಿಂತು ಸಲಾಂ ಹೊಡೆದ. ಇನ್ಸ್‌ಪೆಕ್ಟರ್ ಮುಚ್ಚಿದ ಬಾಗಿಲಿಗೆ ಆರೋಪಗಳನ್ನು ಓದಿದ. ಡ್ಯೂಟಿಯಲ್ಲಿಲ್ಲದಾಗ ಡ್ಯೂಟಿಯ ಸೀಟಿ ಬಳಸಿದ್ದು ಒಂದು. ಸ್ವಂತ ಮನೆಯ ಮುಂದೆ ಸ್ವಂತ ಸ್ಟಾಪ್ ಮಾಡಿಕೊಂಡದ್ದು ಇನ್ನೊಂದು. ಸೊಂಟ ಹಿಡಿದವನ ಶ್ವಾಸಕೋಶ ಇಷ್ಟು ಚೆನ್ನಾಗಿದ್ದದ್ದು ಮತ್ತೊಂದು. ಈ ಕ್ಷಣ ಸೀಟಿ ಒಪ್ಪಿಸಬೇಕು.

ಒಳಗೆ ಪಾಸಣ್ಣ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದ. ಏನು ಬೇಕಾದರೂ ಕೊಡಬಹುದಿತ್ತು, ಅದೊಂದನ್ನು ಬಿಟ್ಟು. ಅದು ಹೋದರೆ ಅಪ್ಪನ ಮುಂದೆ ಬ್ರೇಕಿಲ್ಲ. ಹೊರಗೆ ಇನ್ಸ್‌ಪೆಕ್ಟರ್ ಬಾಗಿಲಿಗೆ ಕೈ ಹಾಕಿದ್ದು ಕೇಳಿಸಿತು.

"ಸಾರ್, ಒಳಗೆ ಬರಬೇಡಿ" ಎಂದಿತು ಒಂದು ಸಣ್ಣ ದನಿ. "ಕೋವಿಡ್ ಸಾರ್."

ಮೆಟ್ಟಿಲ ಮೇಲೆ ಯಾರೂ ಉಸಿರಾಡಲಿಲ್ಲ. ಆ ಸಮಯಕ್ಕೆ ಅದೇ ಯೋಗ್ಯವಾದ ಕೆಲಸವೂ ಆಗಿತ್ತು. ಆಮೇಲೆ ಎಲ್ಲಿಂದಲೋ ಒಬ್ಬರು, ಪಾಸ್ ಇತ್ತಲ್ಲಪ್ಪ ಎಂದರು. ಯಾರೂ ನಗಲಿಲ್ಲ. ನಗುವುದಕ್ಕೆ ಬಾಯಿ ತೆರೆಯಬೇಕಾಗುತ್ತಿತ್ತು. ಬಸ್ಸಿಗೆ ಬೆಂಕಿ ಬಿದ್ದಾಗಲೂ ಜನ ಅಷ್ಟು ಬೇಗ ಇಳಿದದ್ದಿಲ್ಲ. ಇನ್ಸ್‌ಪೆಕ್ಟರ್ ರಸ್ತೆಯ ಆಚೆಬದಿ ಮುಟ್ಟಿದ ಮೇಲೆ ತಿರುಗಿ, ಸೀಟಿ ಸದ್ಯಕ್ಕೆ ನಿನ್ನ ಹತ್ತಿರವೇ ಇರಲಿ, ಒಪ್ಪಿಸುವಾಗ ತೊಳೆದು ಒಪ್ಪಿಸು ಎಂದು ಕೂಗಿ ಹೇಳಿದ.

ಓನರಮ್ಮ ಕೆಳಗೆ ನಲ್ಲಿಯಲ್ಲಿ ಕೈ ತೊಳೆಯುತ್ತ ಆಡಿದ ಮಾತು ಮಾತ್ರ ಕಿಟಕಿಯಿಂದ ನೇರ ಒಳಗೆ ಬಂತು. "ಹೋದ ಸಲ ತಾಯಿನ ಕಳಿಸ್ದ. ಈ ಸಲ ತಂದೆನ."

ಹೆಂಡತಿ ಬಾಗಿಲಾಚೆಯಿಂದ, ರೀ, ಕೇಳಿಸಿಕೊಂಡ್ರಾ ಎಂದು ಕೇಳಿದಳು. ಇಲ್ಲ ಎಂದ ಪಾಸಣ್ಣ. ನನಗೂ ಸರಿಯಾಗಿ ಕೇಳಿಸಲಿಲ್ಲ ಎಂದಳು ಅವಳು.

ಅಂದಿನಿಂದ ಬಸ್ಸುಗಳು ಆ ತಿರುವಿನಲ್ಲಿ ಕಿಟಕಿ ಗಾಜು ಮುಚ್ಚಿಕೊಂಡು, ಸೀಟಿಗೆ ಕಿವಿಗೊಡದೆ ಹೋಗತೊಡಗಿದವು. ಹಾಲಿನವನು ಹಾಲನ್ನು ಮೆಟ್ಟಿಲ ಬುಡದಲ್ಲಿಟ್ಟು ಓಡಿದ. ಮೆಟ್ಟಿಲು ಹತ್ತಿದವನು ಕಾಂಪೌಂಡರ್ ಒಬ್ಬನೇ. ಮಾತ್ರೆಗಳನ್ನೂ ಆಕ್ಸಿಜನ್ ನೋಡಲು ಬೆರಳಿಗೆ ಸಿಕ್ಕಿಸುವ ಯಂತ್ರವನ್ನೂ ಬಾಗಿಲಲ್ಲಿಟ್ಟು, ಬೋರಲಾಗಿ ಮಲಗೋಕೆ ಹೇಳು, ಯಂತ್ರದಲ್ಲಿ ಅಂಕಿ ಇಳೀತಾ ಹೋದ್ರೆ ನನ್ನ ಕೇಳಬೇಡ, ಆಸ್ಪತ್ರೆ ಗಾಡಿಗೆ ಫೋನ್ ಮಾಡು ಎಂದ. ಹೋಗುವಾಗ ತಿರುಗಿ, ಆ ಎಣ್ಣೆ ವಾಪಸ್ ಕೊಡಮ್ಮ, ಇನ್ಯಾರಿಗಾದ್ರೂ ಸೊಂಟಕ್ಕಾಗುತ್ತೆ ಎಂದ.

ಅಂಕಿ ಇಳಿಯಿತು. ತೀರಾ ಅಲ್ಲ, ಗಾಡಿ ಕರೆಯಲೋ ಬೇಡವೋ ಎಂಬ ಕಟ್ಟೆಯ ಮೇಲೆ ಬಂದು ಕೂತಿತು. ಬೇಡ ಎಂದ ಪಾಸಣ್ಣ. ಆ ಗಾಡಿ ಹತ್ತಿದವರು ಹೇಗೆ ಬರುತ್ತಾರೆ, ಬಾರದೆ ಇರುತ್ತಾರೆ ಎಂದು ಈ ಮನೆ ನೋಡಿತ್ತು. ಉಸಿರು ಈಗ ಎದೆಯ ಅರ್ಧಕ್ಕೆ ಬಂದು, ಬಾಗಿಲು ಹಾಕಿದ ಮನೆಗೆ ಬಂದ ನೆಂಟನಂತೆ ಹಿಂತಿರುಗುತ್ತಿತ್ತು. ಮನುಷ್ಯನಿಗೆ ದೇವರು ಪುಕ್ಕಟೆ ಕೊಟ್ಟದ್ದು ಅದೊಂದೇ. ಪುಕ್ಕಟೆ ಬಂದದ್ದರ ಬೆಲೆ ಅದು ಸಾಲದೆ ಬಂದಾಗಲೇ ತಿಳಿಯುವುದು. ಸೀಟಿ ದಿನದಿಂದ ದಿನಕ್ಕೆ ಸಣ್ಣಗಾಯಿತು. ಆದರೂ ಮುದುಕ ಬಂದಾಗಲೆಲ್ಲ ಒಂದು ಊದಿ ನಿಲ್ಲಿಸುತ್ತಿದ್ದ, ತಡೆದು ತಡೆದು ಎರಡು ಊದಿ ಕಳಿಸುತ್ತಿದ್ದ.

ಒಂದು ಬೆಳಿಗ್ಗೆ ಮುದುಕ ಬಂದ. ಪಾಸಣ್ಣ ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಒಂದು ಊದಿದ. ಮುದುಕ ನಿಂತ. ಆಮೇಲೆ ಎರಡು ಊದಬೇಕು. ಪಾಸಣ್ಣ ಬಾಯಿಗಿಟ್ಟ, ಗಾಳಿ ಮಾತ್ರ ಬಂತು. ಒಳಗಿನ ಗೋಲಿ ಕದಲಲಿಲ್ಲ.

ಮುದುಕ ಸ್ವಲ್ಪ ಹೊತ್ತು ಕಾದ. ನಡುಮನೆಯ ಸ್ಟೂಲನ್ನು ಎಳೆದು ಬಾಗಿಲ ಮುಂದೆ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯನ್ನು ಮುಂದೆ ಇಲ್ಲದ ಸ್ಟೀರಿಂಗಿನ ಮೇಲಿಟ್ಟು ಕೂತ.

ಸೊಸೆ ತಿಂಡಿಗೆ ಕರೆದಳು. ಗಾಡಿ ನಿಂತಿದೆ, ಸೀಟಿ ಬಿದ್ದಿಲ್ಲ ಎಂದ. ತಟ್ಟೆಯನ್ನೇ ತಂದಳು. ಡ್ರೈವಿಂಗ್ ಸೀಟಲ್ಲಿ ತಿನ್ನೋ ಹಾಗಿಲ್ಲ ಎಂದ. ಒಳಗಿನಿಂದ ಪಾಸಣ್ಣ ಹೋಗಪ್ಪಾ, ಊಟ ಮಾಡಪ್ಪಾ ಎಂದು ಗೋಗರೆದ. ಮುದುಕ ಕೇಳಿಸಿಕೊಳ್ಳಲೇ ಇಲ್ಲ. ಮಗನ ಮಾತನ್ನು ಅವನು ಎಂದು ಕೇಳಿದ್ದ? ಅಡುಗೆಮನೆಯಲ್ಲಿ ಕುಕ್ಕರ್ ಒಂದು ಕೂಗಿತು, ಎರಡು ಕೂಗಿತು. ಸೊಸೆ ಓಡಿಬಂದು, ಮಾವ, ಬಿತ್ತು ನೋಡಿ ಎರಡು ಎಂದಳು. ಮುದುಕ ಅವಳನ್ನು ಕರುಣೆಯಿಂದ ನೋಡಿ, ಅದು ಬೇರೆ ಡಿಪೋದು ಎಂದ. ಅವಳು ಕೆಳಗೆ ಹೋಗಿ ಕಾಂಪೌಂಡರನಿಗೆ ಹೇಳಿದಳು. ಅವನು ಎಲ್ಲಿಂದಲೋ ಮಕ್ಕಳ ಸೀಟಿಯೊಂದನ್ನು ತಂದು ಮೆಟ್ಟಿಲಲ್ಲಿ ನಿಂತು, ಮಾಸ್ಕ್ ಸರಿಸಿ, ಎರಡು ಸಲ ಊದಿದ. ಮುದುಕ ತಿರುಗಿಯೂ ನೋಡಲಿಲ್ಲ. ಯಾವನೋ ಪೋಲೀಸು, ಇವರಿಗೆ ಮಾಮೂಲಿ ಬೇಕು ಎಂದು ಗೊಣಗಿದ. ಅವನಿಗೆ ತನ್ನ ಕಂಡಕ್ಟರನ ಸೀಟಿ ಗೊತ್ತಿತ್ತು. ಹೆಂಡತಿಯ ಸಾವು ನೆನಪಿಲ್ಲದ ತಲೆಯಲ್ಲಿ ಆ ತೊದಲು ಮಾತ್ರ ಅಳಿಸದೆ ಉಳಿದಿತ್ತು.

ಮಧ್ಯಾಹ್ನ ಕಳೆಯಿತು. ಮುದುಕನ ಕೈ ಸ್ಟೀರಿಂಗಿನ ಮೇಲೆ ನಡುಗತೊಡಗಿತು. ಹಣೆಯಲ್ಲಿ ತಣ್ಣನೆಯ ಬೆವರು. ಸೊಸೆ ಸಕ್ಕರೆ ನೀರಿನ ಲೋಟ ತುಟಿಗಿಟ್ಟರೆ ಹಲ್ಲು ಕಚ್ಚಿದ. ಎಳೆದರೆ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕಾಂಪೌಂಡರ್ ಮೆಟ್ಟಿಲಿನಿಂದ, ಬೆಳಗಿನ ಮಾತ್ರೆ ಹೊಟ್ಟೇಲಿದೆ, ಹೀಗೇ ಬಿಟ್ಟರೆ ಸಕ್ಕರೆ ಇಳಿದು ಕೂತಲ್ಲೇ ಹೋಗ್ತಾರಮ್ಮ ಎಂದ. ಬಾಗಿಲ ಒಳಗೆ ಮಗನನ್ನು ಉಸಿರು ಕೊಲ್ಲುವುದರಲ್ಲಿತ್ತು, ಹೊರಗೆ ಅಪ್ಪನನ್ನು ಕರ್ತವ್ಯ. ನಡುವೆ ಚಿಲಕವಿಲ್ಲದ ಒಂದು ಬಾಗಿಲು.

ಪಾಸಣ್ಣ ಹಾಸಿಗೆಯಿಂದ ಉರುಳಿ, ನೆಲದ ಮೇಲೆ ತೆವಳಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಆಗ ಆಚೆಯಿಂದ ಮುದುಕನೇ ಮಾತಾಡಿದ.

"ಕಂಡಕ್ಟ್ರೇ, ಯಾಕೆ ನಿಲ್ಸಿದೀರಿ? ಯಾರಾದ್ರೂ ಬರೋರಿದಾರಾ?"

ಉತ್ತರಕ್ಕೆ ಉಸಿರು ಕೂಡಿಸುವಷ್ಟರಲ್ಲಿ ಮುದುಕ ತಾನೇ ಕಂಡುಕೊಂಡ. "ಓ, ಅವಳು ಬರ್ಬೇಕಲ್ವಾ. ಬರ್ಲಿ ಬಿಡಿ. ಕಾಯೋಣ."

ಸೊಸೆಯ ನಾಲಿಗೆ ಅಭ್ಯಾಸಬಲದಿಂದ "ಬರ್ತಾ..." ಎಂದು ಹೊರಟಿತು. ಬಾಯಿಗೆ ಕೈ ಅಡ್ಡ ಹಿಡಿದಳು. ಬರ್ತಾರೆ ಎಂದರೆ ಮುದುಕ ಕಾಯುವವನು. ಈಗಾಗಲೇ ಕಾಯುತ್ತ ಎಷ್ಟು ಕಾಲವಾಯಿತೋ.

"ಡ್ರೈವರ್ ಸಾಹೇಬ್ರೇ" ಎಂದಿತು ಬಾಗಿಲು. ಮುದುಕ ನೆಟ್ಟಗಾದ. "ಅವರು ಇಳಿದ್ರು."

"ಯಾರು?"

"ನೀವು ಕಾಯ್ತಿರೋರು. ಹಿಂದಿನ ಸ್ಟಾಪಲ್ಲಿ ಇಳಿದ್ರು."

ಮೆಟ್ಟಿಲಲ್ಲಿ ಕಾಂಪೌಂಡರ್ ಗೋಡೆಯ ಕಡೆ ತಿರುಗಿ ನಿಂತ.

"ನಾನು ನೋಡ್ಲೇ ಇಲ್ವಲ್ರೀ."

"ನಿಮ್ಮ ಕಣ್ಣು ಮುಂದಕ್ಕಿತ್ತು ಸಾಹೇಬ್ರೇ."

"ಹೌದು" ಎಂದ ಮುದುಕ. "ಟಿಕೆಟ್ ಎಲ್ಲೀವರೆಗಿತ್ತು?"

"ಅಲ್ಲೀವರೆಗೇ ಇತ್ತು."

"ಲಗೇಜು?"

"ಏನೂ ಇರ್ಲಿಲ್ಲ."

"ಇಳಿಯೋವಾಗ ಗಾಡಿ ಪೂರ್ತಿ ನಿಂತಿತ್ತಾ? ನಾನು ಎಳೀಲಿಲ್ಲ ತಾನೆ?"

ಆಕೆ ಹೋದ ದಿನ ಪಾಸಣ್ಣ ಇನ್ನೊಂದು ಆಸ್ಪತ್ರೆಯಲ್ಲಿ ಛಾವಣಿ ನೋಡುತ್ತ ಮಲಗಿದ್ದ. "ಪೂರ್ತಿ ನಿಂತಿತ್ತು" ಎಂದ. ಮನೆಯಲ್ಲಿ ಆಡಿದ ಸುಳ್ಳುಗಳಲ್ಲಿ ಕೊನೆಯದು ಅದು. ದೇವರ ಲೆಕ್ಕದಲ್ಲಿ ಅದು ಯಾವ ಕಡೆ ಬೀಳುತ್ತದೋ ಅವನೇ ಬಲ್ಲ.

"ಹಾಗಾದ್ರೆ ಇನ್ನೇನು. ಊದಿ" ಎಂದ ಮುದುಕ.

ಪಾಸಣ್ಣ ಸೀಟಿ ಬಾಯಿಗಿಟ್ಟ. ಗಾಳಿ ಬಂತು. ಕೆಮ್ಮಿದ, ಕೆಮ್ಮು ಮುಗಿಯುವವರೆಗೆ ಮುದುಕ ಕಾದ. ಮತ್ತೆ ಊದಿದ. ಗೋಲಿ ಅಲ್ಲಾಡಿ, ಹಕ್ಕಿಮರಿಯಂಥ ಒಂದು ಸದ್ದು ಬಂತು. ಮುದುಕ ಕೈಯನ್ನು ಗೇರಿನ ಜಾಗಕ್ಕೆ ಇಳಿಸಿದ, ಆದರೆ ಏಳಲಿಲ್ಲ. ಒಂದಕ್ಕೆ ಹೊರಡುವವನಲ್ಲ ಅವನು. ಸೊಸೆ ಲೋಟ ಹಿಡಿದು ತುಟಿಗಳನ್ನು ಮುಂದೆ ಚಾಚಿ, ಗಂಡನ ಬದಲು ತಾನೇ ಊದುವವಳಂತೆ ನಿಂತಿದ್ದಳು. ಪಾಸಣ್ಣ ಕಣ್ಣು ಮುಚ್ಚಿದ. ಎದೆಯ ಯಾವುದೋ ಮೂಲೆಯಲ್ಲಿ, ಹಳೆಯ ಯೂನಿಫಾರ್ಮಿನ ಜೇಬಿನಲ್ಲಿ ಮರೆತ ಚಿಲ್ಲರೆಯ ಹಾಗೆ, ಒಂದಿಷ್ಟು ಉಸಿರು ಉಳಿದಿತ್ತು. ಅದನ್ನು ತೆಗೆದು ಊದಿದ.

"ರೈಟ್" ಎಂದ ಮುದುಕ.

ಕಾಲು ಮರಗಟ್ಟಿದ್ದರಿಂದ ಏಳುವಾಗ ಸೊಸೆಯ ಭುಜ ಹಿಡಿಯಬೇಕಾಯಿತು. ಅಡುಗೆಮನೆಯಲ್ಲಿ ಕೂತು ಸಕ್ಕರೆ ನೀರು ಕುಡಿದ, ಊಟ ಮಾಡಿದ. ಇನ್ನೊಂದು ಸಲ ಬಡಿಸಿಕೊಂಡು, ಗಾಡಿ ಬಹಳ ಲೇಟಾಯ್ತು ಎಂದ.

ಆ ಸಂಜೆ ಯಂತ್ರದ ಅಂಕಿ ಒಂದು ಮೆಟ್ಟಿಲು ಹತ್ತಿತು. ಸೀಟಿ ಊದಿದ್ದರಿಂದ ಎದೆ ಬಿಚ್ಚಿಕೊಂಡಿತು ಎಂದು ಪಾಸಣ್ಣನ ಹೆಂಡತಿ, ತನ್ನ ಮಾತ್ರೆಯಿಂದ ಎಂದು ಕಾಂಪೌಂಡರ್. ಅಂಕಿ ಇಬ್ಬರ ಮಾತನ್ನೂ ತಳ್ಳಿಹಾಕದೆ ದಿನದಿನಕ್ಕೂ ಏರುತ್ತ ಹೋಯಿತು. ಪಟ್ಟಿಯಲ್ಲಿ ಒಂದೇ ಗೆರೆ ಮೂಡಿದ ದಿನ ಪಾಸಣ್ಣ ಗೋಡೆ ಹಿಡಿದು ಹೊರಬಂದ. ನಲ್ಲಿಯ ಹತ್ತಿರ ಹೋದಾಗ ಓನರಮ್ಮ ಅವನ ಮುಖ ನೋಡದೆ, ಬಡಗಿಗೆ ಹೇಳಿದೀನಿ, ಒಳಚಿಲಕ ಹಾಕಿಕೊಡ್ತಾನೆ ಎಂದಳು. ಯಾರೋ, ಈಗ ಎರಡು ಪಾಸ್ ಆಯ್ತಲ್ಲ ಎಂದರು. ಪಾಸಣ್ಣ ಮಾಸ್ಕನ್ನು ಮೂಗಿನ ಮೇಲೇರಿಸಿಕೊಂಡು ಬಿಂದಿಗೆ ಹಿಡಿದ. ಸಿದ್ಧಾಂತವೇನೂ ಹೊರಡಲಿಲ್ಲ.

ಡಿಪೋದವರು ತಿರುವಿನಲ್ಲಿ "ಇಲ್ಲಿ ಬಸ್ ನಿಲ್ಲುವುದಿಲ್ಲ" ಎಂಬ ಬೋರ್ಡು ನೆಟ್ಟರು. ಬೋರ್ಡು ಕಂಡು ಸ್ಟಾಪೆಂದು ತಿಳಿದ ಜನ ಅದರ ಬುಡದಲ್ಲಿ ಗುಂಪುಗೂಡಿದರು. ಗುಂಪು ಕಂಡು ಡ್ರೈವರುಗಳು ನಿಲ್ಲಿಸಿದರು. ಈಗ ಅದು ನಿಜವಾದ ಸ್ಟಾಪು. ಪಾಸಣ್ಣ ಡ್ಯೂಟಿಗೆ ಹೋಗುವುದೂ ಅಲ್ಲಿಂದಲೇ. ಸೀಟಿಯನ್ನು ತೊಳೆದು ಒಪ್ಪಿಸಿದ್ದ. ಇನ್ಸ್‌ಪೆಕ್ಟರ್ ಅದನ್ನು ಮುಟ್ಟದೆ, ದೂರದಿಂದಲೇ ಪರಿಶೀಲಿಸಿ, ಅವನಿಗೇ ವಾಪಸ್ ಮಂಜೂರು ಮಾಡಿದ್ದ.

ಮುದುಕನಿಗೆ ಕಿಟಕಿ ಮರಳಿ ಸಿಕ್ಕಿತು. ಬಾಗಿಲು, ಸ್ಟೂಲು, ಹಸಿದು ಕೂತ ದಿನ, ಯಾವುದೂ ಅವನಿಗೆ ನೆನಪಿಲ್ಲ. ಆದರೆ "ಅವಳು ಬಂದ್ಲಾ?" ಎಂದು ಮತ್ತೆ ಕೇಳಲಿಲ್ಲ. ಡ್ರೈವರುಗಳನ್ನು ಬೈಯುವುದನ್ನೂ ಬಿಟ್ಟ. ಆಯುಷ್ಯವೆಲ್ಲ ಮುಂದಕ್ಕೆ ನೋಡಿದವನು ಈಗ ಬಸ್ಸಿನ ಮುಂಭಾಗವನ್ನು ನೋಡುವುದೇ ಇಲ್ಲ. ಬಸ್ಸು ನಿಂತಾಗಲೆಲ್ಲ ಸರಳು ಹಿಡಿದು ಬಗ್ಗಿ, ಹಿಂಬಾಗಿಲಿನಿಂದ ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾನೆ. ಕೊನೆಯವರ ಎರಡೂ ಕಾಲು ನೆಲ ಮುಟ್ಟುವವರೆಗೆ ಅವನ ಬಲಗಾಲು ನೆಲವನ್ನು ಒತ್ತಿಕೊಂಡೇ ಇರುತ್ತದೆ.